ಗುಡಿಸದೆ ಬಿಟ್ಟ ಹುಲ್ಲು

ಹೋದ ವಾರ ಅಟ್ಟದಿಂದ ನನ್ನ ಗಾಡಿಯ ಚೀಲಗಳನ್ನು ಇಳಿಸಿದೆ. ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಅಡ್ಡ ಹಾಕಿ ಎರಡೂ ಕಡೆ ಇಳಿಬಿಡುವ ಜೋಡಿ ಚೀಲ. ಮೂರು ವರ್ಷ ಅಲ್ಲೇ ಬಿದ್ದಿದ್ದರಿಂದ ಧೂಳು ಅಂಗುಲದಷ್ಟು ಕೂತಿತ್ತು. ಅಂಗಳಕ್ಕೆ ತಂದು ತಲೆಕೆಳಗು ಮಾಡಿ ಝಾಡಿಸಿದರೆ ಒಂದು ಗುಂಡಿ, ಅರ್ಧ ತಿಂದ ಶುಂಠಿ ಪೆಪ್ಪರ್‌ಮಿಂಟು, ಆಮೇಲೆ ಒಂದೇ ಒಂದು ಎಳೆ ನೆಲ್ಲುಲ್ಲು ಬಿತ್ತು. ಗುಂಡಿ ಎತ್ತಿಟ್ಟುಕೊಂಡೆ. ಪೆಪ್ಪರ್‌ಮಿಂಟನ್ನು ಇರುವೆಗಳು ಎತ್ತಿಕೊಂಡವು. ಹುಲ್ಲಿನ ಎಳೆಯನ್ನು ಏನು ಮಾಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ.

ಚೀಲ ಇಳಿಸಿದ್ದು ನನಗಾಗಿ ಅಲ್ಲ. ನನ್ನ ತಂಗಿ ರತ್ನಳ ಮಗಳು ಮೇಘಾ ಈ ಸಲ ಲಡಾಖಿಗೆ ಹೊರಟಿದ್ದಾಳೆ. ಹೆಬ್ಬಾಳದ ಒಂದು ಲ್ಯಾಬಿನಲ್ಲಿ ಕೆಲಸ, ವಯಸ್ಸು ಇಪ್ಪತ್ತೇಳು, ಗಾಡಿಯನ್ನು ನನಗಿಂತ ಚೆನ್ನಾಗಿ ಓಡಿಸುತ್ತಾಳೆ. ಜೊತೆಗೆ ಮೂವರು ಗೆಳತಿಯರು. ತಿಂಗಳ ಹಿಂದೆ ಬಂದು, “ಮಾವ, ನಿಮ್ಮ ಗಾಡಿ ಸುಮ್ನೆ ನಿಂತಿದ್ಯಲ್ಲ, ತಗೊಂಡ್ ಹೋಗ್ಲಾ?” ಎಂದಳು. ನಾನು ಉತ್ತರ ಕೊಡುವ ಬದಲು, ನಿಮ್ಮಮ್ಮನನ್ನು ಕೇಳಿದೆಯಾ ಎಂದೆ. ಅಮ್ಮ ಏನೂ ಹೇಳಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ ಎಂದಳು. ರತ್ನ ಬೇಡ ಅನ್ನಲಿಲ್ಲ ಎನ್ನುವುದೇ ನನಗೆ ದೊಡ್ಡ ಸುದ್ದಿಯಾಯಿತು.

ಯಾಕೆಂದರೆ ರತ್ನ ನನ್ನ ಜೊತೆ ಮಾತು ಬಿಟ್ಟು ಮೂರು ವರ್ಷ. ಇರುವುದು ಇಲ್ಲೇ ಅಬ್ಬಿಗೆರೆಯಲ್ಲಿ. ಪಿತೃಪಕ್ಷದಲ್ಲಿ ಎಡೆ ಇಡಲು ಈ ಮನೆಗೆ ಬರುತ್ತಾಳೆ, ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ಹೋಗುತ್ತಾಳೆ. ನನಗೆ ಹೇಳಬೇಕಾದ್ದನ್ನು ಮಗಳಿಗೆ ಹೇಳುತ್ತಾಳೆ. “ಯಾರಿಗಾದ್ರೂ ಇನ್ನೊಂದು ಮುದ್ದೆ ಬೇಕಾ ಕೇಳು” ಎನ್ನುತ್ತಾಳೆ. ಯಾರಿಗಾದರೂ ಅಂದರೆ ನಾನು. ಮೇಘಾ ಪಾಪ, ಮೂರಡಿ ದೂರದಲ್ಲಿ ಕೂತ ನನ್ನ ಕಡೆ ತಿರುಗಿ ಅದನ್ನೇ ಇನ್ನೊಂದು ಸಲ ಕೇಳುತ್ತಾಳೆ. ಬೇರೆ ಸಂದರ್ಭದಲ್ಲಾಗಿದ್ದರೆ ನಗು ಬರುತ್ತಿತ್ತು. ನನಗೆ ನಗು ಬರುವುದಿಲ್ಲ. ನಮ್ಮ ಅಮ್ಮನ ಕೊನೆಯ ದಿನ ರತ್ನಳ ಹತ್ತಿರ ಇದೆ. ಆ ದಿನ ಅಮ್ಮನ ಜೊತೆ ಇದ್ದವಳು ಅವಳೊಬ್ಬಳೇ. ಅಮ್ಮ ಏನು ತಿಂದಳು, ಏನು ಮಾತಾಡಿದಳು, ನನ್ನನ್ನು ಕೇಳಿದಳಾ, ಯಾವುದೂ ನನಗೆ ಗೊತ್ತಿಲ್ಲ. ಮೂರು ವರ್ಷದಿಂದ ನನಗೆ ಬೇಕಾಗಿರುವುದು ಅದೊಂದೇ. ಕೊಡಬಲ್ಲವಳು ನನ್ನ ಜೊತೆ ಮಾತಾಡುವುದಿಲ್ಲ.

ಇದೆಲ್ಲಾ ಆಗಿದ್ದು ಒಂದು ರೈಟಿನಿಂದ. ರೈಟು ಅಂದರೆ, ಶಾಲೆಯಲ್ಲಿ ಮೇಷ್ಟ್ರು ಲೆಕ್ಕ ಸರಿಯಾಗಿದ್ದರೆ ಕೆಂಪು ಶಾಯಿಯಲ್ಲಿ ಎಳೆಯುತ್ತಿದ್ದರಲ್ಲ, ಆ ಗುರುತು.

ನನ್ನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಯಲಹಂಕದ ಆಚೆ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದವನು ನಾನು. ಬೋಲ್ಟು, ವಾಷರು, ಗ್ರೀಸ್ ಡಬ್ಬಿ, ಎಲ್ಲಕ್ಕೂ ಪಟ್ಟಿ. ಪಟ್ಟಿ ಇಲ್ಲದೆ ನನಗೆ ಸಂತೆಯಿಂದ ಕೊತ್ತಂಬರಿ ಸೊಪ್ಪು ತರಲೂ ಆಗುವುದಿಲ್ಲ. ಆದರೆ ಒಂದು ಕೆಟ್ಟ ಚಾಳಿ ಇತ್ತು. ಕೆಲಸ ಆದ ಮೇಲೆ ರೈಟು ಹಾಕುವುದು ಲೋಕದ ಪದ್ಧತಿ. ನಾನು ಮೊದಲು ರೈಟು ಹಾಕಿ ಆಮೇಲೆ ಕೆಲಸ ಮಾಡುತ್ತಿದ್ದೆ. ಹೇಗೂ ಮಾಡುವವನೇ ತಾನೇ ಎಂಬ ಧೈರ್ಯ. ವರ್ಷದ ಕೊನೆಯ ದಾಸ್ತಾನು ಎಣಿಕೆಯಲ್ಲಿ ಇಡೀ ಪುಟಕ್ಕೆ ರೈಟು ಎಳೆದುಕೊಂಡು, ಸಂಜೆ ಗೋಡೌನಿಗೆ ಹೋಗಿ ಎಣಿಸುತ್ತಿದ್ದೆ. ಬಹುಪಾಲು ಸರಿಯೇ ಇರುತ್ತಿತ್ತು. ಹುಡುಗನಾಗಿದ್ದಾಗಲೂ ಇದೇ ಕಥೆ. ಸ್ನಾನ ಆಯ್ತಾ ಎಂದು ಅಮ್ಮ ಬಚ್ಚಲ ಕಡೆಯಿಂದ ಕೂಗಿದರೆ, ಆಯ್ತು ಎಂದು ಹೇಳಿಯೇ ಚೊಂಬು ಹುಡುಕಲು ಹೋಗುತ್ತಿದ್ದೆ. ಮದುವೆಯ ವಿಷಯದಲ್ಲೂ ಮನಸ್ಸಿನಲ್ಲಿ ಯಾವಾಗಲೋ ರೈಟು ಹಾಕಿಕೊಂಡುಬಿಟ್ಟಿದ್ದೆನೋ ಏನೋ, ಕೆಲಸ ಮಾತ್ರ ಆಗಲೇ ಇಲ್ಲ. ಹಾಗಾಗಿ ಬ್ಯಾಟರಾಯನಪುರದ ಈ ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ ಇದ್ದೆವು.

ಸ್ವಯಂ ನಿವೃತ್ತಿ ತೆಗೆದುಕೊಂಡ ವರ್ಷ ನನಗೆ ಲಡಾಖಿನ ಹುಚ್ಚು ಹತ್ತಿತು. ಇಪ್ಪತ್ತು ವರ್ಷದಿಂದ ಒಳಗೇ ಇದ್ದದ್ದು, ರಜೆ ಸಿಗದೆ ಸುಮ್ಮನಿತ್ತು. ಐವತ್ಮೂರು ವಯಸ್ಸಿಗೆ, ಒಬ್ಬನೇ, ಗಾಡಿಯಲ್ಲಿ. ನಮ್ಮ ಕಡೆಯವರಿಗೆ ಬೆಟ್ಟ ಅಂದರೆ ನಂದಿ ಬೆಟ್ಟ. ಅಮ್ಮನಿಗೂ ಅಷ್ಟೆ. ಲಡಾಖಿನ ಬೆಟ್ಟದ ದಾರಿಗಳ ಎತ್ತರವನ್ನು ಹೇಗೆ ಹೇಳುವುದು? ನಂದಿಯ ಮೇಲೆ ನಂದಿ ಇಟ್ಟು, ಅದರ ಮೇಲೆ ಇನ್ನೊಂದು ನಂದಿ ಇಟ್ಟ ಹಾಗೆ ಎಂದೆ. ಅಮ್ಮ ಸ್ವಲ್ಪ ಯೋಚಿಸಿ, ಅಷ್ಟು ಮೇಲೆ ದೇವಸ್ಥಾನ ಯಾವುದು ಎಂದಳು. ದೇವಸ್ಥಾನಕ್ಕಲ್ಲ ಎಂದರೆ ಅವಳಿಗೆ ಅರ್ಥವೇ ಆಗಲಿಲ್ಲ.

ಅಭ್ಯಾಸಕ್ಕೆಂದು ಪೂರ್ತಿ ಸಾಮಾನು ಹೇರಿಕೊಂಡು ನಿಜವಾದ ನಂದಿಗೇ ಹೋದೆ. ಟೆಂಟು, ಮಲಗುವ ಚೀಲ, ಹೆಚ್ಚುವರಿ ಟ್ಯೂಬು, ಪೆಟ್ರೋಲ್ ಕ್ಯಾನು, ಮಂಡಿಗೆ ಕಟ್ಟುವ ಚಿಪ್ಪು, ಮೇಲೆ ಕಿತ್ತಳೆ ಬಣ್ಣದ ಮಳೆ ಹೊದಿಕೆ. ಕೆಳಗಿನ ಗೇಟಿನವನು ತಡೆದು, ಮೇಲೆ ಬೆಡ್‌ಶೀಟ್ ಮಾರುವ ಹಾಗಿಲ್ಲ ಎಂದ. ವಾಪಸು ಬಂದು ಹೇಳಿದರೆ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಒಂದು ವಾರ ಮನೆಗೆ ಬಂದವರಿಗೆಲ್ಲಾ ಅದನ್ನೇ ಹೇಳಿದಳು.

ಈ ಕಡೆಯಿಂದ ಹೋಗುವವರು ಚಂಡೀಗಢದವರೆಗೆ ಗಾಡಿಯನ್ನು ರೈಲಿನಲ್ಲಿ ಹಾಕುವುದು ವಾಡಿಕೆ. ಅಂದರೆ ನಿಮ್ಮ ಬಟ್ಟೆಬರೆ ಕಟ್ಟುವ ಮೊದಲು ಗಾಡಿಯನ್ನೇ ಕಟ್ಟಬೇಕು. ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿ, ಕನ್ನಡಿ ಬಿಚ್ಚಿ, ಮೈಗೆಲ್ಲಾ ಹುಲ್ಲು ಒತ್ತಿ, ಗೋಣಿತಟ್ಟು ಸುತ್ತಿ, ದಬ್ಬಳದಲ್ಲಿ ಹೊಲಿದರೆ ಪಾರ್ಸಲ್ ಆಯಿತು. ಯಶವಂತಪುರದ ಸ್ಟೇಷನ್ನಿನ ಹತ್ತಿರ ಕಟ್ಟಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಅಲ್ಲಿಗೇ ಒಯ್ಯುವವನಿದ್ದೆ. ಆದರೆ ಹುಲ್ಲು ಎಂಬ ಮಾತು ಅಮ್ಮನ ಕಿವಿಗೆ ಬಿತ್ತು.

ಅಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ನಾಲ್ಕು ಎಮ್ಮೆ, ಎರಡು ಎತ್ತು ಇದ್ದವಂತೆ. ಈಗ ಮೂರು ಮಹಡಿ ಎದ್ದಿರುವ ಪಕ್ಕದ ಸೈಟಿನಲ್ಲಿ ನಮ್ಮ ಹುಲ್ಲಿನ ಮೆದೆ ಇತ್ತು. ಮೆದೆ ಒಟ್ಟುವುದರಲ್ಲಿ ಅವಳ ಕೈ ಇಡೀ ಬೀದಿಗೆ ಹೆಸರಾಗಿತ್ತು ಎಂದು ಅವಳೇ ಹೇಳುತ್ತಿದ್ದಳು. ಬೇರೆಯವರು ಹೇಳಿದ್ದನ್ನು ನಾನು ಕೇಳಿಲ್ಲ. ಎಮ್ಮೆಗಳು ಹೋಗಿ, ಮೆದೆ ಹೋಗಿ, ಹೊಲವೆಲ್ಲಾ ಸೈಟಾಗಿ ನಲವತ್ತು ವರ್ಷವಾದ ಮೇಲೆ, ಮಗನ ಮೋಟಾರ್ ಸೈಕಲ್ಲಿಗೆ ಹುಲ್ಲು ಬೇಕಾಗಿದೆ ಎಂದಾಗ ಅವಳ ಮುಖ ನೋಡಬೇಕಿತ್ತು. ಯಾರೋ ಸ್ಟೇಷನ್ನಿನವರು ಕಟ್ಟುವುದು ಬೇಡವೇ ಬೇಡ ಎಂದು ಹಟ ಹಿಡಿದಳು. ಕೊಡಿಗೇಹಳ್ಳಿಯಲ್ಲಿ ಇನ್ನೂ ಹಸು ಸಾಕಿಕೊಂಡಿರುವ ಮನೆಯೊಂದಿದೆ. ಅಲ್ಲಿಂದ ಒಂದು ಹೊರೆ ನೆಲ್ಲುಲ್ಲು ತಂದೆ.

ಅವಳು ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಕೂತಳು. ನಾನು ಹುಲ್ಲನ್ನು ಮಡಿಸಿ ಟ್ಯಾಂಕಿನ ಮೇಲೆ ಒತ್ತಿದೆ. “ಇಂಗಲ್ಲ ಕಣೋ. ಉಲ್ಲು ಮುರೀಬಾರ್ದು, ಮಲಗಿಸ್ಬೇಕು” ಎಂದಳು. ಎರಡು ಸಲ ಬಿಚ್ಚಿಸಿದಳು. ಮೂರನೆಯ ಸಲ ಎದ್ದು ಬಂದು ತಾನೇ ಎಳೆ ಎಳೆಯಾಗಿ ಜೋಡಿಸಿದಳು. ಎಪ್ಪತ್ತೊಂಬತ್ತು ವರ್ಷದ ಕೈ. ಹ್ಯಾಂಡಲ್ಲಿಗೆ, ಹೆಡ್‌ಲೈಟಿಗೆ, ಸೈಲೆನ್ಸರಿಗೆ ಪುರಿಹಗ್ಗದಂತೆ ಹುಲ್ಲನ್ನು ಹೆಣೆದು ಸುತ್ತಿದಳು. ಹುಲ್ಲಿನ ವಾಸನೆಗೆ ಅವಳಿಗೆ ಏನೇನೋ ಜ್ಞಾಪಕ ಬರುತ್ತಿತ್ತು. ಸತ್ತು ಹೋದ ಒಂದು ಎಮ್ಮೆಯ ಹೆಸರು ಹೇಳಿ ಅದು ಎಷ್ಟು ಸಾಧು ಎಂದು ಹೊಗಳಿದಳು. ಕೆಲಸ ಮುಗಿದಾಗ ಗಾಡಿ ಹುಲ್ಲು ಹೊದ್ದು ಮಲಗಿದ ಕರುವಿನ ಹಾಗೆ ಕಾಣುತ್ತಿತ್ತು. ಲಗೇಜ್ ಆಟೋದವನು ನೋಡಿ, ಇಷ್ಟು ಚೆನ್ನಾಗಿ ಕಟ್ಟಿದವರು ಯಾರು ಸಾರ್ ಎಂದು ಕೇಳಿದ. ಅಮ್ಮ ಕೇಳಿಸಿಕೊಂಡೂ ಕೇಳಿಸದವಳಂತೆ ಸೆರಗು ಕೊಡವಿಕೊಂಡಳು.

ನನ್ನ ಚೀಲಗಳ ಕಥೆ ಬೇರೆ. ಪಟ್ಟಿಯಲ್ಲಿ ಇಪ್ಪತ್ತೆಂಟು ಬಾಬು ಇದ್ದವು. ಸ್ಟೋರ್ಸಿನವನ ಬುದ್ಧಿ ಎಲ್ಲಿ ಹೋಗುತ್ತದೆ, ಕಾರ್ಬನ್ ಇಟ್ಟು ಎರಡು ಪ್ರತಿ ಮಾಡಿದ್ದೆ. ಒಂದು ಸಾಮಾನಿನ ಜೊತೆಗೆ, ಇನ್ನೊಂದು ಮನೆಯಲ್ಲಿ, ಕ್ಯಾಲೆಂಡರಿನ ಮೊಳೆಗೆ. ಪಟ್ಟಿಯಲ್ಲಿ ಇಲ್ಲದ್ದನ್ನೆಲ್ಲಾ ಅಮ್ಮ ತುರುಕಿದಳು. ಹೆಲ್ಮೆಟ್ಟಿನ ಒಳಗೆ ಕೋಡುಬಳೆ ಪೊಟ್ಟಣ, ಕಾಲುಚೀಲದೊಳಗೆ ಚಟ್ನಿಪುಡಿ, ಎರಡು ಸೇರು ರಾಗಿ ಹುರಿಹಿಟ್ಟು. ಭಾರ ಆಗುತ್ತದೆ ಎಂದು ನಾನು ತೆಗೆದಿಟ್ಟರೆ ಸ್ನಾನಕ್ಕೆ ಹೋಗಿ ಬರುವಷ್ಟರಲ್ಲಿ ಮತ್ತೆ ಒಳಗೆ ಸೇರಿರುತ್ತಿತ್ತು. ಕೊನೆಗೆ ನಾನೇ ಸೋತು ಎರಡು ಬನಿಯನ್ನು, ಒಂದು ಟವೆಲ್ಲು ಹೊರಗೆ ತೆಗೆದೆ.

ಪಟ್ಟಿಯ ಇಪ್ಪತ್ಮೂರನೇ ಸಾಲು, ಫೋನು. ಇಲ್ಲಿಯ ಪ್ರೀಪೇಯ್ಡ್ ಸಿಮ್ಮು ಲಡಾಖಿನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಬೇಕು. ಇದು ಅಲ್ಲಿಗೆ ಹೋಗುವವರಿಗೆಲ್ಲಾ ಗೊತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೇ ಬರೆದುಕೊಂಡಿದ್ದೆ. ಅಂಗಡಿಗೆ ಹೋದಾಗ ಸರ್ವರ್ ಇಲ್ಲ, ನಾಳೆ ಬನ್ನಿ ಎಂದರು. ನಾಳೆ ಹೇಗೂ ಬರುವವನೇ ತಾನೇ ಎಂದು ಮನೆಗೆ ಬಂದು ರೈಟು ಹಾಕಿದೆ. ಮಾರನೇ ದಿನ ಹುಲ್ಲಿನ ಕೆಲಸ ಬಂತು. ಅದರ ಮಾರನೇ ದಿನ ರೈಲು.

ನಾನಿಲ್ಲದ ಇಪ್ಪತ್ತು ದಿನ ಅಮ್ಮನ ಜೊತೆ ಇರಲು ರತ್ನ ಬಂದಳು. ಅಂಗಳವೆಲ್ಲಾ ಹುಲ್ಲಾಗಿತ್ತು. ಆಟೋ ತಿರುವು ದಾಟುವ ಮೊದಲೇ ರತ್ನ ಪೊರಕೆ ಹಿಡಿದಳಂತೆ, ಅಮ್ಮ ಅವಳ ಕೈಯಿಂದ ಕಿತ್ತುಕೊಂಡಳಂತೆ. ನಿಮ್ಮ ಮನೆಗಳಲ್ಲೂ ಈ ಪದ್ಧತಿ ಇರಬಹುದು. ಮನೆಯವರು ದೂರ ಪ್ರಯಾಣ ಹೊರಟರೆ ಅವರು ತಲುಪುವವರೆಗೆ ಅವರ ಹಿಂದೆ ಕಸ ಗುಡಿಸಬಾರದು. ನಾವು ಶಾಲೆಯ ಪ್ರವಾಸಕ್ಕೆಂದು ಬೇಲೂರಿಗೆ ಹೋದಾಗಲೂ ಅಮ್ಮ ಹಾಗೇ ಬಿಟ್ಟಿರುತ್ತಿದ್ದಳು. ಬೇಲೂರು ಒಂದು ಹೊತ್ತಿನ ಮಾತು. ಲಡಾಖಿಗೆ ತಲುಪುವುದು ಅಂದರೆ ಯಾವಾಗ? ಚಂಡೀಗಢವೋ, ಮನಾಲಿಯೋ, ಕೊನೆಯ ಕಣಿವೆಯೋ? ರತ್ನ ಫೋನಿನಲ್ಲಿ ಗೋಳಾಡಿದಳು. ಅಮ್ಮ ತನ್ನದೇ ತೀರ್ಮಾನ ಮಾಡಿಕೊಂಡಿದ್ದಳು. ಅವನು ಈ ಅಂಗಳಕ್ಕೆ ತಲುಪಬೇಕು, ಆಮೇಲೆ ಗುಡಿಸು ಎಂದಳಂತೆ. ನಾನು ಮನಾಲಿಯ ಚಹಾ ಅಂಗಡಿಯಲ್ಲಿ ನಿಂತು ಇದನ್ನು ಕೇಳಿ ಗಟ್ಟಿಯಾಗಿ ನಕ್ಕೆ. ನಾನು ರತ್ನಳ ಜೊತೆ ಕೊನೆಯದಾಗಿ ನಕ್ಕಿದ್ದು ಅದೇ.

ಮನಾಲಿ ದಾಟಿದ ಮೇಲೆ ಎರಡು ದಿನ ಯಾರ ಫೋನೂ ಹತ್ತುವುದಿಲ್ಲ. ಲೇಹ್ ಊರಿಗೆ ಬಂದಾಗ ದಾರಿಯಲ್ಲಿ ಸಿಕ್ಕ ಬೇರೆ ಸವಾರರ ಫೋನೆಲ್ಲಾ ಕಿಣಿಕಿಣಿ ಎಂದವು, ನನ್ನದು ಸುಮ್ಮನಿತ್ತು. ಉಳಿದುಕೊಂಡ ಮನೆಯ ಯಜಮಾನ ತನ್ನ ಫೋನು ಕೊಟ್ಟ. ಅಮ್ಮನ ನಂಬರಿಗೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಎಲ್ಲೋ ನೀರು ಹಿಡಿಯುತ್ತಿರಬೇಕು ಎಂದುಕೊಂಡೆ. ರತ್ನಳಿಗೆ ಮಾಡಬಹುದಿತ್ತು. ಇನ್ನೊಂದು ಸಲ ಅಮ್ಮನಿಗೇ ಮಾಡಬಹುದಿತ್ತು. ಮನೆಗೆ ಫೋನು ಮಾಡಿದ್ದಾಯಿತು ಎಂದು ಮನಸ್ಸಿನಲ್ಲಿ ರೈಟು ಹಾಕಿಕೊಂಡು, ಮಾರನೇ ಬೆಳಿಗ್ಗೆ ಐದು ದಿನದ ಸುತ್ತಿಗೆ ಇನ್ನೂ ಒಳಗಿನ ಕಣಿವೆಗಳ ಕಡೆ ಹೊರಟುಬಿಟ್ಟೆ.

ಎರಡನೆಯ ದಿನ ಮಧ್ಯಾಹ್ನ ಒಂದು ಹಳ್ಳಿಯಲ್ಲಿ ಚಹಾಕ್ಕೆ ನಿಂತೆ. ಅಂಗಡಿಯ ಅಜ್ಜಿ ಬಟ್ಟಲಿಗೆ ಏನೋ ಹಿಟ್ಟು ಸುರಿದು, ಚಹಾ ಹಾಕಿ, ಬೆರಳಲ್ಲಿ ಕಲೆಸಿ ತಿನ್ನುತ್ತಿದ್ದಳು. ನೋಡಿದರೆ ಹುರಿದ ಬಾರ್ಲಿ ಹಿಟ್ಟು, ನಮ್ಮ ಹುರಿಹಿಟ್ಟಿನ ಅಕ್ಕ. ನಾನು ಚೀಲದಿಂದ ಅಮ್ಮನ ಪೊಟ್ಟಣ ತೆಗೆದು ಕೊಟ್ಟೆ. ಅವಳು ಮೂಸಿ ನೋಡಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಬಾಯಲ್ಲಿ ಹಲ್ಲಿಲ್ಲದ್ದು ಪೂರ್ತಿ ಕಾಣುವ ಹಾಗೆ ನಕ್ಕಳು. ಭಾಷೆ ಬಾರದ ನಾವಿಬ್ಬರೂ ಒಬ್ಬರ ಹಿಟ್ಟನ್ನು ಒಬ್ಬರು ತಿಂದೆವು. ಅಮ್ಮನಿಗೆ ಇದನ್ನು ಹೇಳಬೇಕು, ನಂದಿ ಗೇಟಿನ ಕಥೆಯ ಹಾಗೆ ಇದನ್ನೂ ಬೀದಿಗೆಲ್ಲಾ ಹೇಳಿಕೊಂಡು ಬರುತ್ತಾಳೆ ಎಂದು ಖುಷಿಪಟ್ಟೆ. ಅಮ್ಮ ಹೋದದ್ದು ಅದೇ ದಿನ, ಹೆಚ್ಚುಕಮ್ಮಿ ಅದೇ ಹೊತ್ತು ಎಂದು ಆಮೇಲೆ ಲೆಕ್ಕ ಹಾಕಿದೆ.

ಲೇಹ್‌ಗೆ ವಾಪಸು ಬಂದು ಯಜಮಾನನ ವೈಫೈ ಹಾಕಿಕೊಂಡಾಗ ನನ್ನ ಫೋನು ಕೈಯಲ್ಲಿ ನಡುಗುತ್ತಲೇ ಇತ್ತು. ಮೊದಲನೆಯ ಸಂದೇಶ ರತ್ನಳದು. ‘ಅಣ್ಣ ಎಲ್ಲಿದ್ದೀಯ ಫೋನ್ ಮಾಡು.’ ಅದೇ ಮಾತು ಮೂವತ್ತಕ್ಕೂ ಹೆಚ್ಚು ಸಲ. ಕೊನೆಯದು, ‘ಮಣ್ಣಾಯ್ತು.’

ಗಾಡಿಯನ್ನು ಅಲ್ಲೇ ಬಿಟ್ಟು ವಿಮಾನ ಹತ್ತಿದೆ. ಗಾಡಿ, ಚೀಲ ಎಲ್ಲಾ ತಿಂಗಳ ಮೇಲೆ ಲಾರಿಯಲ್ಲಿ ಬಂದವು. ಮನೆ ಸೇರಿದಾಗ ಅಮ್ಮ ಹೋಗಿ ಆರನೆಯ ದಿನ. ಒಬ್ಬನೇ ಮಗ, ಮೊದಲ ಹಿಡಿ ಮಣ್ಣು ಅವನೇ ಹಾಕಬೇಕು ಎಂದು ರತ್ನ ಅಮ್ಮನನ್ನು ಮಾರನೇ ಮಧ್ಯಾಹ್ನದವರೆಗೆ ಫ್ರೀಜರ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಕಾದಿದ್ದಳು. ಪೆಟ್ಟಿಗೆಯ ಪಕ್ಕದಲ್ಲೇ ಕೂತು ನನ್ನ ನಂಬರು ಒತ್ತುತ್ತಿದ್ದಳಂತೆ. ಕೊನೆಗೆ ದೊಡ್ಡಪ್ಪನ ಮಗ ಮಣ್ಣು ಹಾಕಿದ. ಹಾಲು ತುಪ್ಪವೂ ಆಗಿತ್ತು. ಫೋನು ಹತ್ತಿದ್ದರೂ ನೀನು ಅಷ್ಟು ಬೇಗ ಬರಲು ಆಗುತ್ತಿರಲಿಲ್ಲ ಎಂದು ಬಂದವರೆಲ್ಲಾ ಸಮಾಧಾನ ಹೇಳಿದರು. ಇರಬಹುದು. ಆದರೆ ಅವಳು ಹಾಗೆ ಒಂದು ಹಗಲು, ಒಂದು ರಾತ್ರಿ ನಂಬರು ಒತ್ತುತ್ತಾ ಕೂರಬೇಕಾಗಿರಲಿಲ್ಲ.

ನಾನು ಗೇಟು ತೆಗೆದಾಗ ಅವಳು ಮೆಟ್ಟಿಲ ಮೇಲೆ ಇದ್ದಳು. ಫೋನು ಯಾಕೆ ಹತ್ತಲಿಲ್ಲ ಎಂದು ಮೊದಲು ಕೇಳಿದಳು. ಸುಳ್ಳು ಹೇಳಲು ತ್ರಾಣ ಇರಲಿಲ್ಲ. ಸಿಮ್ ಬದಲಾಯಿಸಲೇ ಇಲ್ಲ ಎಂದೆ.

“ಪಟ್ಟೀಲಿ ರೈಟ್ ಹಾಕಿದ್ಯಲ್ಲ?” ಎಂದಳು.

ಅವಳು ಆ ಪಟ್ಟಿಯನ್ನು ಯಾವಾಗ ನೋಡಿದಳು, ಅಷ್ಟು ಸಣ್ಣ ವಿಷಯವನ್ನು ಯಾಕೆ ಕೇಳುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಲಿಲ್ಲ. ಮಾಡಿಸೋಣ ಅಂತ ಹಾಕಿದ್ದೆ ಎಂದೆ. ಅವಳು ಎದ್ದು ಒಳಗೆ ಹೋಗಿ ಪೊರಕೆ ತಂದಳು. ಆಗ ನಾನು ಅಂಗಳ ನೋಡಿದೆ. ಮನೆಯೆಲ್ಲಾ ತೊಳೆದು ಸಾರಿಸಿದಂತಿತ್ತು. ಕಾಂಪೌಂಡಿನ ಪಕ್ಕ, ಗಾಡಿ ಕಟ್ಟಿದ್ದ ಜಾಗದಲ್ಲಿ ಮಾತ್ರ ಹುಲ್ಲು ಹಾಗೇ ಬಿದ್ದಿತ್ತು. ಅದರ ಸುತ್ತ ನೀರು ಹರಿದು ಒಣಗಿದ ಗೆರೆ ಕಾಣುತ್ತಿತ್ತು.

“ಅಮ್ಮನ್ನ ಎತ್ತಿದ್ಮೇಲೆ ಮನೆ ತೊಳೀಲೇಬೇಕು ಅಂದ್ರು ಎಲ್ರೂ. ನೀನು ತಲುಪೋವರ್ಗೂ ಗುಡಿಸ್ಬೇಡ ಅಂತ ಅಮ್ಮ ಹೇಳಿದ್ಲು. ನಾನು ಯಾರ ಮಾತು ಕೇಳ್ಲಿ? ಮನೆ ತೊಳ್ದೆ, ಹುಲ್ಲು ಬಿಟ್ಟೆ. ಈಗ ತಲುಪಿದ್ಯಲ್ಲ, ತಗೋ.”

ನಾನು ಗುಡಿಸಿದೆ. ಅದಕ್ಕಿಂತ ಕಷ್ಟದ ಕೆಲಸ ನಾನು ಮಾಡಿಲ್ಲ. ಹುಲ್ಲು ಮಳೆಗೆ ನೆನೆದು ನೆಲಕ್ಕೆ ಅಂಟಿಕೊಂಡಿತ್ತು, ಅಲ್ಲಲ್ಲಿ ಅಮ್ಮ ಹೆಣೆದು ಬಿಟ್ಟ ತುಂಡುಗಳು ಹಾಗೇ ಇದ್ದವು. ಗುಡಿಸಿ ಮುಗಿಸಿ, ಅಮ್ಮ ಕೊನೆಗೆ ಏನಾದರೂ ಅಂದಳಾ ಎಂದು ಕೇಳಿದೆ. “ಕೇಳೋಕೆ ನೀನಿರ್ಬೇಕಿತ್ತು” ಎಂದಳು ರತ್ನ. ಅಲ್ಲಿಗೆ ಮಾತು ನಿಂತಿತು.

ಅದಾದ ಮೇಲೆ ನಾನು ಯಾವುದಕ್ಕೂ ಮುಂಚಿತವಾಗಿ ರೈಟು ಹಾಕುವುದಿಲ್ಲ. ದಿನಸಿ ಅಂಗಡಿಯಲ್ಲಿ ಬೇಳೆ ಚೀಲಕ್ಕೆ ಬಿದ್ದು, ಚೀಲ ನನ್ನ ಕೈಗೆ ಬಂದ ಮೇಲೆ ಅಲ್ಲೇ ನಿಂತು ಜೇಬಿನಿಂದ ಕೆಂಪು ಪೆನ್ನು ತೆಗೆಯುತ್ತೇನೆ. ಅಂಗಡಿಯವನಿಗೆ ನನ್ನ ತಲೆ ಸರಿಯಿಲ್ಲ ಎಂಬ ಅನುಮಾನ ಇದೆ.

ಮೇಘಾಳ ಸಾಮಾನನ್ನು ನಾನೇ ನಿಂತು ಕಟ್ಟಿಸಿದೆ. ಅವಳ ಪಟ್ಟಿ ಫೋನಿನಲ್ಲಿ, ನನ್ನದು ಕಾಗದದಲ್ಲಿ. ಅವಳನ್ನು ಎಳೆದುಕೊಂಡು ಅಂಗಡಿಗೆ ಹೋಗಿ, ಸರ್ವರ್ ಇಲ್ಲ ಎಂದವರ ಮುಂದೆ ಸ್ಟೂಲು ಹಾಕಿಕೊಂಡು ಕೂತೆ. ಮೂರು ಗಂಟೆ ಕೂತೆ. ಪೋಸ್ಟ್‌ಪೇಯ್ಡ್ ಆಯಿತು ಎಂದ ಮೇಲೂ ಅವಳ ನಂಬರಿಗೆ ಫೋನು ಮಾಡಿ, ಅವಳು ಪಕ್ಕದಲ್ಲೇ ನಿಂತು ಹಲೋ ಎಂದ ಮೇಲೆ ರೈಟು ಹಾಕಿದೆ. ಅವಳು ನಗಲಿಲ್ಲ, ನನ್ನ ಭುಜದ ಮೇಲೆ ಸ್ವಲ್ಪ ಹೊತ್ತು ಕೈಯಿಟ್ಟಳು. ಗಾಡಿಗೆ ಪ್ಲಾಸ್ಟಿಕ್ಕು ಸುತ್ತಿದರೆ ಸಾಕಲ್ಲ ಎಂದುಕೊಂಡಿದ್ದೆ. ಅಜ್ಜಿ ಮಾಡಿದ ಹಾಗೇ ಹುಲ್ಲು ಬೇಕು ಎಂದವಳು ಅವಳೇ. ಕೊಡಿಗೇಹಳ್ಳಿಯ ಅದೇ ಮನೆಯಿಂದ ಹುಲ್ಲು ಬಂತು. ಮುರಿಯಬೇಡ, ಮಲಗಿಸು ಎಂದು ನಾನು ಅವಳಿಗೆ ಹೇಳಿಕೊಟ್ಟೆ. ಹೆಣೆಯಲು ಮಾತ್ರ ನನಗೂ ಬರಲಿಲ್ಲ, ಅವಳಿಗೂ ಬರಲಿಲ್ಲ.

ನಿನ್ನೆ ಬೆಳಿಗ್ಗೆ ಅವಳು ಹೊರಟಳು. ರತ್ನ ಕಳಿಸಿಕೊಡಲು ಬಂದಿದ್ದಳು. ಮಗಳ ಚೀಲದೊಳಗೆ ಹುರಿಹಿಟ್ಟಿನ ಪೊಟ್ಟಣ ತುರುಕುತ್ತಿದ್ದುದನ್ನು ನೋಡಿ ನಾನು ಬೇರೆ ಕಡೆ ತಿರುಗಿದೆ. ಲಗೇಜ್ ಆಟೋ ಗಾಡಿಯನ್ನೂ ಮೇಘಾಳನ್ನೂ ಹೊತ್ತುಕೊಂಡು ಯಶವಂತಪುರದ ಕಡೆ ಹೋಯಿತು. ಅಂಗಳದಲ್ಲಿ ಹುಲ್ಲು, ಹುಲ್ಲಿನ ಆ ಬದಿಗೆ ನನ್ನ ತಂಗಿ, ಈ ಬದಿಗೆ ನಾನು. ಈಗ ನಡುವೆ ಮೇಘಾ ಇಲ್ಲ. ಏನಾದರೂ ಹೇಳಬೇಕಾದರೆ ನೇರ ಹೇಳಬೇಕು, ಇಲ್ಲವೇ ಸುಮ್ಮನಿರಬೇಕು. ಅವಳು ತನ್ನ ಚೀಲ ಎತ್ತಿಕೊಂಡು ಗೇಟಿನವರೆಗೆ ಹೋದಳು. ಚಿಲಕದ ಮೇಲೆ ಕೈಯಿಟ್ಟು ನಿಂತಳು.

“ಪೊರಕೆ ಎಲ್ಲಿ?”

ಅಟ್ಟದ ಮೇಲೆ ಹಾಕಿದ್ದೀನಿ, ಅವಳು ಬರೋವರೆಗೂ ಇಳಿಸಲ್ಲ ಎಂದೆ. ಮೂರು ವರ್ಷದ ಮೇಲೆ ಅವಳಿಗೆ ನೇರವಾಗಿ ಹೇಳಿದ ಮೊದಲ ಮಾತು ಇದು.

ರತ್ನ ವಾಪಸು ಬಂದು ಮೆಟ್ಟಿಲ ಮೇಲೆ ಕೂತಳು. ಆಮೇಲೆ, ನಾನು ಕೇಳದೆಯೇ, ಹೇಳತೊಡಗಿದಳು. ಆ ದಿನ ಬೆಳಿಗ್ಗೆ ಅಮ್ಮ ಎರಡು ಇಡ್ಲಿ ತಿಂದಳಂತೆ. ಇಲ್ಲೇ, ಇದೇ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದಳಂತೆ. ರತ್ನ ನನ್ನ ನಂಬರಿಗೆ ಮಾಡಿ ಮಾಡಿ, ನಾಲ್ಕು ದಿನವಾಯಿತು ಹತ್ತುತ್ತಿಲ್ಲ ಎಂದು ಅಳುವಂತಾಗಿದ್ದಳಂತೆ. ಅಮ್ಮ ಕ್ಯಾಲೆಂಡರಿನ ಮೊಳೆಯಿಂದ ಪಟ್ಟಿ ತರಿಸಿದಳು. ಓದಲು ಬಾರದವಳು. ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ರೈಟುಗಳನ್ನು ಎಣಿಸಿದಳು. ಫೋನಿನದು ಯಾವ ಸಾಲು ಎಂದು ಕೇಳಿದಳು. ರತ್ನ ತೋರಿಸಿದಳು.

“‘ನೋಡು, ಅದ್ಕೂ ರೈಟು ಆಕವ್ನೆ. ಒಂದೂ ಬಿಟ್ಟಿಲ್ಲ. ಎಲ್ಲಾ ಸರ್ಯಾಗಿ ಮಾಡ್ಕೊಂಡೇ ಓಗವ್ನೆ ನನ್ ಮಗ. ಬೆಟ್ಟ ಅಡ್ಡ ಬಂದಿರ್ಬೇಕು ಅಷ್ಟೆ, ದಾಟಿದ್ಮೇಲೆ ಮಾಡ್ತಾನೆ’ ಅಂದ್ಲು ಅಣ್ಣ. ನಂಗೇ ಸಮಾಧಾನ ಮಾಡಿದ್ಲು. ಕಾಫಿ ಕುಡಿದು, ಒಂಚೂರು ಒರಗ್ತೀನಿ ಅಂತ ಒಳಗೆ ಹೋದ್ಲು. ಮತ್ತೆ ಏಳ್ಲಿಲ್ಲ.”

ರತ್ನ ಕೆಳಗೆ ಬಿದ್ದಿದ್ದ ಒಂದು ಎಳೆ ಹುಲ್ಲು ಎತ್ತಿಕೊಂಡಳು.

“ಹೆದರ್ಕೊಳ್ದೆ ಹೋದ್ಲು. ಆ ಸುಳ್ಳು ರೈಟ್ ನಂಬ್ಕೊಂಡು ಹೋದ್ಲು. ಅದಕ್ಕೆ ನಿನ್ನ ಬೈಬೇಕೋ ಕೈ ಮುಗೀಬೇಕೋ, ಮೂರು ವರ್ಷದಿಂದ ನಂಗೆ ಗೊತ್ತಾಗ್ತಿಲ್ಲ. ಅದಕ್ಕೇ ಮಾತಾಡ್ಲಿಲ್ಲ.”

ಅವಳು ಚೀಲದಿಂದ ಪರ್ಸು ತೆಗೆದಳು. ಪರ್ಸಿನ ಒಳಗಿನ ಖಾನೆಯಿಂದ ನಾಲ್ಕಾಗಿ ಮಡಿಸಿದ ಕಾಗದ ತೆಗೆದು ನನ್ನ ಕೈಗೆ ಕೊಟ್ಟಳು. ಮನೆ ತೊಳೆಯುವಾಗ ಎಲ್ಲೋ ಹೋಯಿತೆಂದು ನಾನು ಮರೆತೇಬಿಟ್ಟಿದ್ದ ನನ್ನ ಪಟ್ಟಿಯ ಮನೆಯ ಪ್ರತಿ. ಕಾರ್ಬನ್ನಿನ ನೀಲಿ ಮಾಸಿತ್ತು, ಆಮೇಲೆ ಎಳೆದ ಕೆಂಪು ರೈಟುಗಳು ಮಾಸಿರಲಿಲ್ಲ. ಅಂಚಿನುದ್ದಕ್ಕೂ ಅಲ್ಲಲ್ಲಿ ರಾಗಿ ಧೂಳು ಮೆತ್ತಿದ ಬೆರಳಿನ ಕಲೆ ಇತ್ತು. ಇಪ್ಪತ್ಮೂರನೇ ಸಾಲಿನ ಹತ್ತಿರ ಕಲೆ ದೊಡ್ಡದಾಗಿತ್ತು. ಅಮ್ಮ ಅಲ್ಲಿ ಹೆಚ್ಚು ಹೊತ್ತು ಬೆರಳಿಟ್ಟಿರಬೇಕು.

ಜೇಬಿನಲ್ಲಿ ಕೆಂಪು ಪೆನ್ನು ಇತ್ತು. ತೆಗೆದೆ. ಆಗದೆ ಇದ್ದ ಕೆಲಸಕ್ಕೆ ಹಾಕಿದ ರೈಟು ಅದು, ಮೂವತ್ತು ವರ್ಷದ ನೌಕರಿಯ ಪ್ರಕಾರ ನಾನು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಬೇಕು. ರತ್ನ ನನ್ನ ಕೈಯನ್ನೇ ನೋಡುತ್ತಿದ್ದಳು. ಅಮ್ಮ ನಂಬಿದ್ದ ರೈಟು. ಹೊಡೆದುಹಾಕಲು ನನಗೆ ಕೈ ಬರಲಿಲ್ಲ.